ಬುದ್ದೀ, ಬೂಸಾ, ಬಾಡೂಟ

ಒಂದು ಪದವಿ ಕಾಲೇಜಿನ ಕನ್ನಡ ಸಂಘದಲ್ಲಿ ಆಡಿದ ಮಾತುಗಳ ಬರಹ ರೂಪ ಇದು. ಗಡಿಯಾರ ನೋಡಿಕೊಂಡು ಅಲ್ಲಿ ಬಿಟ್ಟಿದ್ದ ಒಂದೆರಡು ಸಂಗತಿಗಳನ್ನು ಇಲ್ಲಿ ಸೇರಿಸಿದ್ದೇನೆ.

ಎಲ್ಲರಿಗೂ ನಮಸ್ಕಾರ.

ಆಹ್ವಾನ ಪತ್ರಿಕೆಯಲ್ಲಿ ನನ್ನ ಮಾತಿನ ವಿಷಯ 'ಸಮಕಾಲೀನ ಸಾಹಿತ್ಯದಲ್ಲಿ ರಾಜಕೀಯ, ಸಂಸ್ಕೃತಿ ಮತ್ತು ಅಸ್ಮಿತೆ' ಅಂತ ಹಾಕಿದ್ದಾರೆ. ಓದಿದ ತಕ್ಷಣ ನನಗೇ ಆಕಳಿಕೆ ಬಂತು. ಊಟ ಮುಗಿಸಿ ಬಂದು ಕೂತಿರುವ ನಿಮಗೆ ಇನ್ನೇನಾಗುತ್ತದೋ. ಅದಕ್ಕೇ ಆ ದೊಡ್ಡ ಮಾತುಗಳನ್ನು ಪಕ್ಕಕ್ಕಿಡೋಣ. ಒಂದು ಸಣ್ಣ ಮಾತಿನಿಂದ ಶುರು ಮಾಡುತ್ತೇನೆ. 'ಬುದ್ದೀ.'

ಮಂಡ್ಯ ಕಡೆಯವರಿಗೆ, ಮೈಸೂರು ಕಡೆಯವರಿಗೆ ಈ ಮಾತು ಗೊತ್ತಿರುತ್ತದೆ. ನನಗೆ ಆಗ ಎಂಟು ವರ್ಷ. ಬೇಸಿಗೆ ರಜೆಗೆ ಅಜ್ಜಿ ಊರಿಗೆ ಹೋಗುತ್ತಿದ್ದೆವು. ನಮ್ಮದು ಊರೊಳಗಿನ ಮನೆ. ಗದ್ದೆ ಕೆಲಸಕ್ಕೆ ಕೇರಿಯಿಂದ ಒಬ್ಬರು ಬರುತ್ತಿದ್ದರು. ಅರವತ್ತು ದಾಟಿದವರು. ಬದುವಿನ ಮೇಲೆ ನಾನು ಬರಿಗಾಲಲ್ಲಿ ಓಡುತ್ತಿದ್ದರೆ, 'ಬುದ್ದೀ, ನೋಡ್ಕಂಡು ನಡೀರಿ, ಮುಳ್ಳೈತೆ' ಅನ್ನುತ್ತಿದ್ದರು. ಎಂಟು ವರ್ಷದವನಿಗೆ ಬಹುವಚನ! ನಾನು ಅವರನ್ನು 'ಬಾರೋ, ಎಳನೀರು ಕೀಳೋ' ಅನ್ನುತ್ತಿದ್ದೆ. ಯಾರೂ ತಿದ್ದಲಿಲ್ಲ. ಅದೇ ನಾನು ನಮ್ಮ ದೊಡ್ಡ ಮಾವನಿಗೆ 'ಬಾ' ಅಂದಾಗ ಅಜ್ಜಿ ತಲೆ ಮೇಲೆ ಮೊಟಕಿದ್ದರು. ದೊಡ್ಡವರಿಗೆ ಮರ್ಯಾದೆ ಕೊಡಬೇಕು ಅನ್ನುವ ಪಾಠ ನನಗೆ ಚೆನ್ನಾಗಿಯೇ ಆಗಿತ್ತು. ಯಾರು ದೊಡ್ಡವರು ಅನ್ನುವ ಪಾಠವೂ ಅದರ ಜೊತೆಗೇ, ಯಾರೂ ಬಾಯಿಬಿಟ್ಟು ಹೇಳದೆ, ಆಗಿಹೋಗಿತ್ತು.

ಅವರ ಹೆಸರಿನ ಕೊನೆಗೆ ಒಂದು 'ಯ್ಯ' ಇತ್ತಂತೆ. ನಮ್ಮ ಮನೆಯಲ್ಲಿ ಯಾರ ಬಾಯಲ್ಲೂ ಅದು ಬರುತ್ತಿರಲಿಲ್ಲ. ಅದು ಇದ್ದದ್ದು ವೋಟರ್ ಲಿಸ್ಟಿನಲ್ಲಿ ಮಾತ್ರ.

ನಾನು ಇವತ್ತು ಹೇಳಬೇಕು ಅಂದುಕೊಂಡಿರುವುದು ಇಷ್ಟೇ. ಸಾಹಿತ್ಯದಲ್ಲಿ ರಾಜಕೀಯ ಎಲ್ಲಿದೆ ಅಂತ ಹುಡುಕುವಾಗ ನಾವು ಸೀದಾ ಕಥೆಯ ವಸ್ತುವಿಗೆ ಕೈ ಹಾಕುತ್ತೇವೆ. ಚುನಾವಣೆ ಬಂತಾ, ಗಲಭೆ ಬಂತಾ, ಜಾತಿ ಜಗಳ ಬಂತಾ ಅಂತ. ಅದಕ್ಕಿಂತ ಮೊದಲು ನೋಡಬೇಕಾದ್ದು ಬೇರೆ. ಯಾರು ಯಾರನ್ನು ಹೇಗೆ ಕರೆಯುತ್ತಾರೆ? ಕ್ರಿಯಾಪದ ಎಲ್ಲಿ ಮುಗಿಯುತ್ತದೆ? ಯಾರ ಕನ್ನಡಕ್ಕೆ ಪುಸ್ತಕದ ಕೊನೆಯಲ್ಲಿ ಅರ್ಥ ಕೊಡುತ್ತಾರೆ, ಯಾರ ಕನ್ನಡಕ್ಕೆ ಕೊಡುವುದಿಲ್ಲ?

ಕ್ರಿಯಾಪದದ ಮಾತನ್ನೇ ತಗೊಳ್ಳಿ. ಇಂಗ್ಲಿಷಿನಲ್ಲಿ 'ಹಿ ಕೇಮ್' ಅಂದರೆ ಮುಗಿಯಿತು. ಬಂದವನು ಕೂಲಿಯೋ ಕಲೆಕ್ಟರೋ ಆ ವಾಕ್ಯಕ್ಕೆ ಗೊತ್ತಿಲ್ಲ. ಕನ್ನಡದಲ್ಲಿ ಹಾಗಾಗಲ್ಲ. 'ಬಂದ' ಅನ್ನಬೇಕು, ಇಲ್ಲವೇ 'ಬಂದರು' ಅನ್ನಬೇಕು. ವಾಕ್ಯ ಮುಗಿಸುವ ಮೊದಲೇ ಆ ಮನುಷ್ಯ ಎಲ್ಲಿ ಕೂರಬೇಕು, ಜಗಲಿಯ ಮೇಲೋ ಕೆಳಗೋ ಅಂತ ನೀವು ತೀರ್ಮಾನ ಮಾಡಿರಲೇಬೇಕು. ನಾಳೆ ಬೆಳಗ್ಗೆ ಯಾವುದಾದರೂ ಪೇಪರ್ ತೆಗೆದು ನೋಡಿ. ಕಳ್ಳ ಸಿಕ್ಕಿಬಿದ್ದ. ಅದೇ ಕೇಸಿನಲ್ಲಿ ಶಾಸಕರಾದರೆ ಸಿಕ್ಕಿಬಿದ್ದರು. ತಪ್ಪು ಒಂದೇ, ವಿಭಕ್ತಿ ಬೇರೆ ಅನ್ನೋಣ ಅಂದರೆ ನಿಮ್ಮ ವ್ಯಾಕರಣದ ಮೇಷ್ಟ್ರು ಅದು ವಿಭಕ್ತಿ ಅಲ್ಲ, ಆಖ್ಯಾತ ಪ್ರತ್ಯಯ ಅಂತ ಎದ್ದು ನಿಲ್ಲುತ್ತಾರೆ. (ಮುಂದೆ ಕೂತಿದ್ದವರಲ್ಲಿ ನಗು.)

ಮನೆಯೊಳಗೂ ಇದೇ. 'ಅಪ್ಪ ಆಫೀಸಿಗೆ ಹೋದರು, ಅಮ್ಮ ಅಡುಗೆ ಮಾಡಿದಳು.' ಅಪ್ಪನಿಗೆ ಬಹುವಚನ, ಅಮ್ಮನಿಗೆ ಏಕವಚನ. ಕೇಳಿದರೆ ಅಮ್ಮ ಹತ್ತಿರದವಳು ಅಲ್ವಾ, ಅದು ಸಲುಗೆ ಅನ್ನುತ್ತಾರೆ. ಅರ್ಧ ಒಪ್ಪುತ್ತೇನೆ. ದೇವರಿಗೂ ನಾವು 'ನೀನು' ಅಂತಲೇ ಅನ್ನುವುದು. ಆದರೆ ಅಪ್ಪ ಯಾಕೆ ಹತ್ತಿರದವನಾಗಲಿಲ್ಲ?

ಇದೆಲ್ಲ ಈಗಿನವರು ಕಂಡುಹಿಡಿದ ತಕರಾರು ಅಂತ ತಿಳಿಯಬೇಡಿ. ಅಯ್ಯಾ ಅಂದರೆ ಸ್ವರ್ಗ, ಎಲವೋ ಅಂದರೆ ನರಕ ಅಂತ ಬಸವಣ್ಣ ಹೇಳಿದ್ದು 12ನೇ ಶತಮಾನದಲ್ಲಿ. ಶಾಲೆಯಲ್ಲಿ ಇದನ್ನು ನಯವಾಗಿ ಮಾತಾಡಿ ಅನ್ನುವ ನೀತಿಪಾಠ ಅಂತ ಹೇಳಿಕೊಡುತ್ತಾರೆ. ನನಗೆ ಹಾಗನ್ನಿಸುವುದಿಲ್ಲ. ಆ ಕಾಲದಲ್ಲಿ 'ಎಲವೋ' ಅನ್ನಿಸಿಕೊಳ್ಳುತ್ತಿದ್ದವರು ಯಾರು, 'ಅಯ್ಯಾ' ಅನ್ನಿಸಿಕೊಳ್ಳುತ್ತಿದ್ದವರು ಯಾರು ಅಂತ ಯೋಚಿಸಿ. ಆಮೇಲೆ ಶರಣರ ಹೆಸರುಗಳನ್ನು ನೋಡಿ. ಮಾದಾರ ಚೆನ್ನಯ್ಯ. ಡೋಹರ ಕಕ್ಕಯ್ಯ. ಸಮಗಾರ ಹರಳಯ್ಯ. ಕಸುಬು ಹಾಗೇ ಇದೆ, ಮುಚ್ಚಿಟ್ಟಿಲ್ಲ. ಅದರ ಪಕ್ಕಕ್ಕೆ ಒಂದು 'ಅಯ್ಯ' ಬಂದು ಕೂತಿದೆ. ಆ ಕಾಲಕ್ಕೆ ಇದು ಎಷ್ಟು ದೊಡ್ಡ ಗದ್ದಲ ಎಬ್ಬಿಸಿರಬೇಕು! 2024ರ ಜನವರಿಯಲ್ಲಿ ನಮ್ಮ ಸರ್ಕಾರ ಬಸವಣ್ಣನನ್ನು ಕರ್ನಾಟಕದ ಸಾಂಸ್ಕೃತಿಕ ನಾಯಕ ಅಂತ ಘೋಷಿಸಿತು. ಸಂತೋಷ. ಆದರೆ ಎಂಟು ನೂರು ವರ್ಷದ ಹಿಂದೆ ಚೆನ್ನನಿಗೆ ಸಿಕ್ಕ 'ಯ್ಯ' ನಮ್ಮಜ್ಜಿಯ ಅಂಗಳ ತಲುಪುವ ಹೊತ್ತಿಗೆ ಎಲ್ಲೋ ಬಿದ್ದುಹೋಗಿತ್ತು.

ಈಗ ಎರಡನೇ ಮಾತಿಗೆ ಬರುತ್ತೇನೆ. ಬೂಸಾ.

1973 ನಮ್ಮ ರಾಜ್ಯಕ್ಕೆ ದೊಡ್ಡ ವರ್ಷ. ನವೆಂಬರ್ 1ರಂದು ಮೈಸೂರು ರಾಜ್ಯ ಕರ್ನಾಟಕವಾಯಿತು. ಮುಖ್ಯಮಂತ್ರಿ ದೇವರಾಜ ಅರಸು. ಊರೂರಲ್ಲಿ ಮೆರವಣಿಗೆ, ತೋರಣ. ಅದೇ ತಿಂಗಳು, ಅದೇ ಸರ್ಕಾರದ ಮಂತ್ರಿ, ದಲಿತ ನಾಯಕ ಬಿ. ಬಸವಲಿಂಗಪ್ಪ ಮೈಸೂರಿನ ಒಂದು ಸಭೆಯಲ್ಲಿ, ಕನ್ನಡ ಸಾಹಿತ್ಯದಲ್ಲಿ ಬಹುಪಾಲು ಬೂಸಾ ಇದೆ ಅನ್ನುವ ಅರ್ಥದ ಮಾತಾಡಿದರು. ದನಗಳಿಗೆ ಹಾಕುವ ಬೂಸಾ. ದಲಿತ ಹುಡುಗರು ಇಂಗ್ಲಿಷ್ ಕಲಿಯಬೇಕು ಅನ್ನುವುದು ಅವರ ಮಾತಿನ ಇನ್ನೊಂದು ಪಾಲು. ತಲೆಯ ಮೇಲೆ ಮಲ ಹೊರುವ ಪದ್ಧತಿಯನ್ನು ನಿಲ್ಲಿಸಲು ಪಟ್ಟು ಹಿಡಿದ ಮಂತ್ರಿ ಅವರು. ಅಂಥವರ ಬಾಯಿಂದ ಈ ಮಾತು ಯಾಕೆ ಬಂತು ಅಂತ ಕೇಳುವ ತಾಳ್ಮೆ ಆಗ ಯಾರಿಗೂ ಇರಲಿಲ್ಲ. ಕನ್ನಡಕ್ಕೆ ಅವಮಾನ ಆಯಿತು ಅಂತ ಬೆಂಗಳೂರು, ಮೈಸೂರಿನಲ್ಲಿ ಬೀದಿಗಿಳಿದರು. ದಲಿತ ವಿದ್ಯಾರ್ಥಿಗಳ ಮೇಲೆ ಹಲ್ಲೆಗಳಾದವು. ಕೊನೆಗೆ ಬಸವಲಿಂಗಪ್ಪ ರಾಜೀನಾಮೆ ಕೊಡಬೇಕಾಯಿತು.

ನಿಮ್ಮ ವಯಸ್ಸಿನ ಹುಡುಗ ಹುಡುಗಿಯರು ಈ ಕಥೆ ಕೇಳಿದಾಗ ಮೊದಲು ಕೇಳುವುದು, ಅವರು ಹೇಳಿದ್ದು ಸರಿಯಾ ತಪ್ಪಾ ಅಂತ. ನನ್ನ ಅಭಿಪ್ರಾಯ ಬೇಕಾದರೆ ಹೇಳುತ್ತೇನೆ. ಸಾಹಿತ್ಯ ವಿಮರ್ಶೆಯಾಗಿ ಅದು ಒರಟು ಮಾತು. ಪಂಪನನ್ನೂ ವಚನಗಳನ್ನೂ ಒಂದೇ ಚೀಲಕ್ಕೆ ತುಂಬಲು ಆಗಲ್ಲ. ಆದರೆ ಬೂಸಾ ಅನ್ನುವ ಪದ ಆರಿಸಿಕೊಂಡದ್ದು ನೋಡಿ. 'ನಿಸ್ಸಾರ' ಅಂದಿದ್ದರೆ, 'ಸತ್ವಹೀನ' ಅಂದಿದ್ದರೆ ಯಾರೂ ಕಲ್ಲು ಹೊಡೆಯುತ್ತಿರಲಿಲ್ಲ. ಒಂದು ಪತ್ರಿಕೆಯಲ್ಲಿ ಚರ್ಚೆಯಾಗಿ ತಣ್ಣಗಾಗುತ್ತಿತ್ತು. ಕೊಟ್ಟಿಗೆಯ ಮಾತು ಸಾಹಿತ್ಯದ ಪಡಸಾಲೆಗೆ ಬಂದದ್ದೇ ಅಪರಾಧವಾಯಿತು. ದನ ಮೇಯಿಸಿ, ಕೊಟ್ಟಿಗೆ ಗುಡಿಸಿದವರ ಅಳತೆಗೋಲು ಅದು. ತಿನ್ನುವುದು ಯಾವುದು, ಹೊಟ್ಟೆ ತುಂಬಿದ ಹಾಗೆ ಮಾಡುವುದು ಯಾವುದು ಅಂತ ಅವರಿಗೆ ಗೊತ್ತಿರುತ್ತದೆ.

ಆ ಗಲಾಟೆಯ ಹೊತ್ತಿನಲ್ಲಿ ಬೆಂಗಳೂರಿನಲ್ಲಿ ಓದುತ್ತಿದ್ದ ಹುಡುಗರಲ್ಲಿ ಸಿದ್ದಲಿಂಗಯ್ಯ ಒಬ್ಬರು. ಎರಡು ವರ್ಷದ ಮೇಲೆ, 1975ರಲ್ಲಿ ಅವರ ಮೊದಲ ಪುಸ್ತಕ ಬಂತು. 'ಹೊಲೆಮಾದಿಗರ ಹಾಡು.' ಬೈಯಲು ಬಳಸುತ್ತಿದ್ದ ಎರಡು ಜಾತಿ ಹೆಸರು ಮುಖಪುಟದ ಮೇಲೆ. ಅದರ ಪಕ್ಕದಲ್ಲಿ ಹಾಡು. ಕಾವ್ಯ ಅಲ್ಲ, ಕವನ ಸಂಕಲನ ಅಲ್ಲ. ಗ್ರಂಥಾಲಯದಲ್ಲಿ ಪುಸ್ತಕ ಕೇಳುವವರು ಆ ಎರಡು ಹೆಸರನ್ನು ಬಾಯಿಬಿಟ್ಟು ಹೇಳಲೇಬೇಕು, ಅದೂ ಗೌರವದ ದನಿಯಲ್ಲಿ. ಇಡೀ ಪುಸ್ತಕ ಓದದಿದ್ದರೂ ಶೀರ್ಷಿಕೆಯೇ ಅರ್ಧ ಕೆಲಸ ಮಾಡಿಬಿಟ್ಟಿತ್ತು. ಮುಂದೆ ಅವರು ಬರೆದ ಆತ್ಮಕಥೆಯ ಹೆಸರು 'ಊರುಕೇರಿ.' ಹಳ್ಳಿಯಲ್ಲಿ ಊರು ಬೇರೆ, ಕೇರಿ ಬೇರೆ. ನಡುವೆ ಒಂದು ಬಯಲೋ ಕಾಲುವೆಯೋ ಇರುತ್ತದೆ. ಅವರು ಎರಡನ್ನೂ ಸೇರಿಸಿ ಒಂದೇ ಪದವಾಗಿ ಬರೆದರು. ಅಷ್ಟು ಸುಲಭವಾಗಿ ಹಳ್ಳಿಯಲ್ಲಿ ಸೇರಲ್ಲ ಅಂತ ಅವರಿಗಿಂತ ಚೆನ್ನಾಗಿ ಯಾರಿಗೆ ಗೊತ್ತಿತ್ತು?

ದೇವನೂರ ಮಹಾದೇವ ಅವರ ಮೊದಲ ಕಥಾಸಂಕಲನ 'ದ್ಯಾವನೂರು' ಬಂದದ್ದೂ 1973ರಲ್ಲೇ. ರಾಜ್ಯಕ್ಕೆ ಹೊಸ ಹೆಸರು, ಬೂಸಾ ಗಲಾಟೆ, 'ದ್ಯಾವನೂರು', ಮೂರೂ ಒಂದೇ ವರ್ಷ. ಊರಿನ ಹೆಸರು ದಾಖಲೆಯಲ್ಲಿ ದೇವನೂರು. ಜನರ ಬಾಯಲ್ಲಿ ದ್ಯಾವನೂರು. ಅವರು ಪುಸ್ತಕಕ್ಕೆ ಇಟ್ಟದ್ದು ಬಾಯಿಯ ಹೆಸರು. ಇದೇನು ಮಹಾ ಅನ್ನಬಹುದು. ಬಿಎಂಶ್ರೀ, ಮಾಸ್ತಿ ಕಾಲದಿಂದಲೂ ಆಡುಮಾತು ಸಾಹಿತ್ಯಕ್ಕೆ ಬರುತ್ತಲೇ ಇತ್ತಲ್ಲ ಅನ್ನಬಹುದು. ಬರುತ್ತಿತ್ತು, ನಿಜ. ಹೆಚ್ಚಾಗಿ ಉದ್ಧರಣ ಚಿಹ್ನೆಗಳ ಒಳಗೆ. ಆಳು ಮಾತಾಡುವಾಗ ಹಳ್ಳಿ ಕನ್ನಡ, ಲೇಖಕ ಮಾತಾಡುವಾಗ ಪೇಟೆಯ ಶುದ್ಧ ಕನ್ನಡ. ಆಳು ಬಾಗಿಲಲ್ಲಿ ನಿಂತು ಮಾತಾಡಿ ಹೋದ ಹಾಗೆ. ಬೇಂದ್ರೆಯವರ ಧಾರವಾಡದ ಕನ್ನಡದಂಥ ದೊಡ್ಡ ಅಪವಾದಗಳನ್ನು ಮರೆತಿಲ್ಲ. ಆದರೂ ಗದ್ಯದಲ್ಲಿ ಕಥೆ ಹೇಳುವವನ ದನಿಯೇ ಕೇರಿಯ ದನಿಯಾದದ್ದು ದೊಡ್ಡ ಸಂಗತಿ. ಮಹಾದೇವರ 'ಕುಸುಮಬಾಲೆ'ಯಲ್ಲಿ ಇದು ತುತ್ತತುದಿಗೆ ಹೋಯಿತು. ಚಾಮರಾಜನಗರ, ನಂಜನಗೂಡು ಕಡೆಯ ಕನ್ನಡ ಇಡೀ ಪುಸ್ತಕವನ್ನು ಹೊತ್ತು ನಡೆಯುತ್ತದೆ. ಇದನ್ನು ಯಾರಾದರೂ ಕನ್ನಡಕ್ಕೆ ಅನುವಾದ ಮಾಡಿ ಅಂತ ತಮಾಷೆ ಮಾಡಿದವರಿದ್ದರು. ಎಲ್. ಬಸವರಾಜು ಅವರಂಥ ದೊಡ್ಡ ವಿದ್ವಾಂಸರು ಮಾತ್ರ ಅದರ ಲಯ ಹಿಡಿದು, ಸಾಲು ಒಡೆದು, ಪದ್ಯದ ಹಾಗೆ ಜೋಡಿಸಿಕೊಟ್ಟರು. 1990ರಲ್ಲಿ ಅದಕ್ಕೆ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂತು.

ಆ ತಮಾಷೆಯ ಬಗ್ಗೆ ಒಂದು ನಿಮಿಷ. ನನಗೆ ಅದು ಇನ್ನೂ ಚುಚ್ಚುತ್ತದೆ. ಪ್ರಾದೇಶಿಕ ಕನ್ನಡದ ಕಾದಂಬರಿ ಅಂದರೆ ಕೊನೆಯಲ್ಲಿ ಒಂದು ಪದಕೋಶ ಇರುತ್ತದೆ. ಕುಂದಾಪುರದ ಮಾತಿಗೆ ಅರ್ಥ, ಕಲಬುರಗಿಯ ಮಾತಿಗೆ ಅರ್ಥ, ಕೇರಿಯ ಮಾತಿಗೆ ಅರ್ಥ. ಓದುಗರಿಗೆ ಅನುಕೂಲ, ಬೇಡ ಅನ್ನಲ್ಲ. ಆದರೆ ನನ್ನ ಅಮ್ಮನಿಗೆ 'ಅಂತಃಸತ್ವ' ಅಂದರೆ ಗೊತ್ತಿಲ್ಲ. 'ಕ್ಲೀಷೆ' ಅಂದರೆ ಗೊತ್ತಿಲ್ಲ. 'ಪರಿಪ್ರೇಕ್ಷ್ಯ' ಅಂದರೆ ನನಗೂ ಸರಿಯಾಗಿ ಗೊತ್ತಿಲ್ಲ. ಅದಕ್ಕೆ ಯಾವ ಪುಸ್ತಕದಲ್ಲಾದರೂ ಪದಕೋಶ ನೋಡಿದ್ದೀರಾ?

ಇನ್ನೊಂದು ನಗು ಇದೆ. ಹಳೇ ಮೈಸೂರಿನವರ ಹ-ಕಾರ, ಅ-ಕಾರ. 'ಆಸನದಿಂದ ಬಂದೆ' ಅಂದರೆ ಹಾಸನದವರು ಅಂತ ಎಲ್ಲರಿಗೂ ಅರ್ಥವಾಗುತ್ತದೆ. ಆದರೂ ನಗುತ್ತಾರೆ. ರೀಲ್ಸ್ ಮಾಡುತ್ತಾರೆ. 'ಭಾಷಣ'ವನ್ನು 'ಬಾಸ್ಣ' ಅಂದ ರಾಜಕಾರಣಿಯ ವಿಡಿಯೋ ಊರೆಲ್ಲ ಸುತ್ತುತ್ತದೆ. ಆ ಮಹಾಪ್ರಾಣಗಳೆಲ್ಲ ಬಹುಪಾಲು ಸಂಸ್ಕೃತದ ಪದಗಳ ಜೊತೆ ಬಂದವು, ನಮ್ಮ ಆಡುಮಾತಿನಲ್ಲಿ ಅವು ಅಷ್ಟಾಗಿ ನಿಲ್ಲುವುದಿಲ್ಲ, ಬರಹದಲ್ಲೂ ಬಿಟ್ಟರೆ ತಪ್ಪೇನು ಅಂತ ಭಾಷಾ ವಿಜ್ಞಾನಿ ಡಿ.ಎನ್. ಶಂಕರ ಭಟ್ಟರು ವಾದ ಮಾಡಿ, ಹಾಗೆಯೇ ಬರೆದೂ ತೋರಿಸಿದರು. ಆ ಬರಹ ನನ್ನ ಕಣ್ಣಿಗೆ ಇನ್ನೂ ಒಗ್ಗಿಲ್ಲ, ಸುಳ್ಳು ಹೇಳಲ್ಲ. ಆದರೆ 'ಬಾಸ್ಣ' ಅಂದವರನ್ನು ನೋಡಿ ನಗುವಾಗ ನಾನು ಈಗ ಸ್ವಲ್ಪ ತಡೆಯುತ್ತೇನೆ. ನಗು ಬರುವುದು ಉಚ್ಚಾರಕ್ಕೋ, ಆ ಉಚ್ಚಾರದ ಹಿಂದಿರುವ ಮನೆಗೋ?

ಬೂಸಾದ ನಂತರದ ಕಥೆ ಬೇಗ ಹೇಳಿ ಮುಗಿಸುತ್ತೇನೆ, ಪಠ್ಯದಲ್ಲಿ ಓದಿರುತ್ತೀರಿ. ದಲಿತ ಸಂಘರ್ಷ ಸಮಿತಿ ಹುಟ್ಟಿತು. 1979ರಲ್ಲಿ ಧರ್ಮಸ್ಥಳದಲ್ಲಿ ಸಾಹಿತ್ಯ ಸಮ್ಮೇಳನ. ಗೋಪಾಲಕೃಷ್ಣ ಅಡಿಗರು ಅಧ್ಯಕ್ಷರು. ದಲಿತ ಸಾಹಿತ್ಯಕ್ಕೆ ಒಂದು ಗೋಷ್ಠಿ ಕೊಡಿ ಅಂದರೆ ಕೊಡಲಿಲ್ಲ. ಅದೇ ವರ್ಷ ಬೆಂಗಳೂರಿನಲ್ಲಿ ಬಂಡಾಯದವರು ತಮ್ಮದೇ ಸಮ್ಮೇಳನ ಮಾಡಿದರು. ಮರುವರ್ಷ 'ಲಂಕೇಶ್ ಪತ್ರಿಕೆ' ಶುರುವಾಯಿತು. ಮುಖ್ಯಮಂತ್ರಿ ಗುಂಡೂರಾವ್ ಅಲ್ಲಿ 'ಗುಂ' ಆದರು, ಮುಂದೆ ಬಂಗಾರಪ್ಪ 'ಬಂ' ಆದರು. ಮಾನ್ಯ ಮುಖ್ಯಮಂತ್ರಿಗಳವರು ಅಂತ ಬರೆಯುತ್ತಿದ್ದ ನಾಡಿನಲ್ಲಿ ಒಂದೇ ಅಕ್ಷರ, ಪಕ್ಕದಲ್ಲೊಂದು ಸೊನ್ನೆ! ಯಾರಿಗೆ ಎಷ್ಟು ಮರ್ಯಾದೆ ಅನ್ನುವ ಲೆಕ್ಕ ಆ ಪತ್ರಿಕೆಯಲ್ಲಿ ತಲೆಕೆಳಗಾಯಿತು. ಇವತ್ತಿನ ಟ್ರೋಲ್ ಪೇಜುಗಳು ಅದರ ಮೊಮ್ಮಕ್ಕಳು ಅನ್ನುವವರಿದ್ದಾರೆ. ನಾನು ಒಪ್ಪಲ್ಲ. ಲಂಕೇಶರು ಏಕವಚನ ಬಳಸಿದ್ದು ಮೇಲಿನವರಿಗೆ. ಟ್ರೋಲ್ ಪೇಜುಗಳು ಸಿಕ್ಕಸಿಕ್ಕವರಿಗೆಲ್ಲ ಬಳಸುತ್ತವೆ, ಅದರಲ್ಲೂ ಮಾತಾಡುವ ಹೆಣ್ಣುಮಕ್ಕಳಿಗೆ.

1973ರಲ್ಲಿ ಬೂಸಾ ಅನ್ನಿಸಿಕೊಂಡ ಸಾಹಿತ್ಯದ ಮನೆಗೆ, 2015ರಲ್ಲಿ ಶ್ರವಣಬೆಳಗೊಳದ ಸಮ್ಮೇಳನದಲ್ಲಿ ಸಿದ್ದಲಿಂಗಯ್ಯನವರೇ ಅಧ್ಯಕ್ಷರಾಗಿ ಬಂದರು. ಆದ್ದರಿಂದ ಏನೂ ಬದಲಾಗಿಲ್ಲ ಅಂತ ನಾನು ಹೇಳುತ್ತಿಲ್ಲ. ಬಹಳ ಬದಲಾಗಿದೆ. ಆದರೆ ಬದಲಾದದ್ದು ವೇದಿಕೆ. ಹಿತ್ತಲಿನಲ್ಲಿ ಅಡುಗೆಯವರು ಹಳಬರೇ.

ಅಡುಗೆ ಅಂದೆನಲ್ಲ, ಮೂರನೇ ಮಾತು ಅದೇ. ಬಾಡೂಟ.

2024ರ ಡಿಸೆಂಬರಿನಲ್ಲಿ ಮಂಡ್ಯದಲ್ಲಿ 87ನೇ ಸಾಹಿತ್ಯ ಸಮ್ಮೇಳನ ಆಯಿತು. ಮೊದಲು ಹೊರಬಿದ್ದ ಸೂಚನೆಯೊಂದರಲ್ಲಿ ಮದ್ಯ, ತಂಬಾಕು, ಮಾಂಸಾಹಾರ ಮೂರಕ್ಕೂ ಅವಕಾಶವಿಲ್ಲ ಅಂತ ಒಂದೇ ಸಾಲಿನಲ್ಲಿ ಬರೆದಿದ್ದರು. ಮಂಡ್ಯದಲ್ಲಿ! ಮುದ್ದೆ, ಬಾಡಿನ ಸಾರು ಇಲ್ಲದ ನೆಂಟಸ್ತನವೇ ಇಲ್ಲದ ಊರಿನಲ್ಲಿ. ಜನ ಎದ್ದು ಕೂತರು. ಸಮ್ಮೇಳನದಲ್ಲಿ ಬಾಡೂಟ ಹಾಕಿ ಅಂತ ಪಟ್ಟು ಹಿಡಿದರು. ಟೀವಿಯವರು ಇದನ್ನು ಕೋಳಿ ಜಗಳ ಅಂತ ತೋರಿಸಿದರು. ಊಟಕ್ಕೋಸ್ಕರ ಸಾಹಿತ್ಯವಾ ಅಂತ ಹಿರಿಯರು ಕೆಲವರು ಬೇಸರ ಮಾಡಿಕೊಂಡರು.

ನನಗೆ ಆಸಕ್ತಿ ಹುಟ್ಟಿಸಿದ್ದು ಪದಗಳು. ಸೂಚನೆಯಲ್ಲಿದ್ದ ಪದ 'ಮಾಂಸಾಹಾರ.' ಸಂಸ್ಕೃತದ್ದು, ಆಸ್ಪತ್ರೆಯ ವಾಸನೆ ಹೊಡೆಯುತ್ತದೆ. ಬೆಂಗಳೂರಿನ ಬಾಡಿಗೆ ಮನೆಯ ಬಾಗಿಲಲ್ಲಿ ಕೇಳುವ ಪದ 'ನಾನ್‌ವೆಜ್.' ಅದಂತೂ ಹೆಸರೇ ಅಲ್ಲ, ಇನ್ನೊಂದರ ನಿರಾಕರಣೆ. ಯಾವುದೋ ಒಂದು ಊಟ ಸರಿಯಾದ ಊಟ, ಇದು ಅದಲ್ಲ, ಅಷ್ಟೇ. 'ಬಾಡು' ಹಾಗಲ್ಲ. ಅದು ಯಾವುದರ ನಿರಾಕರಣೆಯೂ ಅಲ್ಲ. ಬಾಡೂಟಕ್ಕೆ ಬನ್ನಿ ಅಂದರೆ ಅದರಲ್ಲಿ ಮಟನ್ ಒಂದೇ ಇರಲ್ಲ. ಊರಹಬ್ಬ ಇರುತ್ತದೆ, ಬೀಗರು ಇರುತ್ತಾರೆ, ಹರಕೆ ಇರುತ್ತದೆ. ಮನೆಯ ಓನರು 'ನೀವು ನಾನ್‌ವೆಜ್ ತಿಂತೀರಾ' ಅಂತ ಕೇಳುವಾಗ ಅಡುಗೆ ವಿಚಾರ ಕೇಳುತ್ತಿಲ್ಲ ಅಂತ ನಿಮಗೂ ಗೊತ್ತು, ನನಗೂ ಗೊತ್ತು. 'ನಿಮ್ಮ ಪೈಕಿ ಯಾವುದು', 'ಮನೆದೇವರು ಯಾವುದು', 'ನೀವು ಯಾವ ಕಡೆಯವರು' ಎಲ್ಲವೂ ಒಂದೇ ಪ್ರಶ್ನೆಯ ಬೇರೆ ಬೇರೆ ಅಂಗಿಗಳು. ಜಾತಿ ಕೇಳುವ ಮಾತಿಗೆ ಕನ್ನಡದಲ್ಲಿರುವಷ್ಟು ನಯವಾದ ದಾರಿಗಳು ಕ್ಷಮೆ ಕೇಳಲು ಇಲ್ಲ.

ಇನ್ನು ಸಾಹಿತ್ಯ. ಕುವೆಂಪು ಅವರ ಕಾದಂಬರಿಗಳನ್ನು ಓದಿದವರಿಗೆ ಗೊತ್ತು, ಮಲೆನಾಡಿನ ಬೇಟೆ ಇದೆ, ಹಂದಿ ಇದೆ, ಕಡುಬು ತುಂಡು ಇದೆ, ಹೆಂಡ ಇದೆ. ಅದಿಲ್ಲದೆ ಆ ಲೋಕವೇ ಇಲ್ಲ. ಆ ಪುಟಗಳ ಮೇಲೆ ಸಮ್ಮೇಳನದ ಗೋಷ್ಠಿಯಲ್ಲಿ ಪ್ರಬಂಧ ಮಂಡಿಸಬಹುದು. ಪಂಕ್ತಿಯಲ್ಲಿ ಬಡಿಸುವಂತಿಲ್ಲ. ಮಂಡ್ಯದವರು ಕೇಳಿದ್ದು ಇಷ್ಟೇ ಅನ್ನಿಸುತ್ತದೆ ನನಗೆ: ನಮ್ಮ ಊಟ ಪುಸ್ತಕದೊಳಗೆ ಇರಬಹುದಾದರೆ ಎಲೆಯ ಮೇಲೆ ಯಾಕಿಲ್ಲ?

ಹೆಸರಿನ ವಿಚಾರ ಇನ್ನೊಂದು ಹೇಳಬೇಕು. ಆ ದಿನ ಸಮಯ ಇರಲಿಲ್ಲ, ಇಲ್ಲಿ ಬರೆಯುತ್ತಿದ್ದೇನೆ. 2025ರಲ್ಲಿ ಪರಿಶಿಷ್ಟ ಜಾತಿಗಳ ಒಳಮೀಸಲಾತಿಗಾಗಿ ನ್ಯಾಯಮೂರ್ತಿ ಎಚ್.ಎನ್. ನಾಗಮೋಹನದಾಸ್ ಆಯೋಗ ಮನೆಮನೆ ಸಮೀಕ್ಷೆ ಮಾಡಿತು. ಯಾಕೆ ಹೊಸ ಸಮೀಕ್ಷೆ ಬೇಕಾಯಿತು? ದೊಡ್ಡ ಕಾರಣ ಎರಡು ಹೆಸರು. ಆದಿ ಕರ್ನಾಟಕ, ಆದಿ ದ್ರಾವಿಡ. ಬೈಗುಳವಾಗಿಹೋಗಿದ್ದ ಹಳೆಯ ಹೆಸರುಗಳ ಜಾಗಕ್ಕೆ, ಸುಮಾರು ನೂರು ವರ್ಷದ ಹಿಂದೆ ಗೌರವದ ಹೆಸರುಗಳಾಗಿ ಅವು ಬಳಕೆಗೆ ಬಂದವು. ಆದರೆ ಒಂದು ಜಿಲ್ಲೆಯಲ್ಲಿ ಹೊಲೆಯರು ಆದಿ ಕರ್ನಾಟಕ ಅಂತ ಬರೆಸಿದರೆ ಇನ್ನೊಂದು ಜಿಲ್ಲೆಯಲ್ಲಿ ಮಾದಿಗರು ಅದನ್ನೇ ಬರೆಸಿದರು. ಯಾರ ಸಂಖ್ಯೆ ಎಷ್ಟು ಅಂತ ಯಾವ ಕಾಗದವೂ ಹೇಳುವಂತಿರಲಿಲ್ಲ. ಗೌರವ ಕೊಡಲು ಬಂದ ಪದ ಮನುಷ್ಯರನ್ನೇ ಮುಚ್ಚಿಬಿಟ್ಟಿತ್ತು. ಸಮೀಕ್ಷೆಗೆ ಹೋದವರು ಮನೆ ಬಾಗಿಲಲ್ಲಿ ನಿಂತು ಮೂಲ ಜಾತಿ ಹೇಳಿ ಅಂತ ಕೇಳಬೇಕಾಯಿತು. ಪಕ್ಕದ ಮನೆಯವರಿಗೆ ಕೇಳಿಸೀತು ಅಂತ ನಗರದಲ್ಲಿ ಕೆಲವರು ಹಿಂಜರಿದರು ಅನ್ನುವ ಮಾತೂ ಕೇಳಿಬಂತು. ಐವತ್ತು ವರ್ಷದ ಹಿಂದೆ ಸಿದ್ದಲಿಂಗಯ್ಯ ಆ ಎರಡು ಹೆಸರನ್ನು ಮುಖಪುಟಕ್ಕೆ ಹಾಕಿದ್ದು ಎಂಥ ಎದೆಗಾರಿಕೆ ಅಂತ ನನಗೆ ಸರಿಯಾಗಿ ಗೊತ್ತಾದದ್ದು ಈ ಸುದ್ದಿ ಓದುವಾಗ.

ಮತ್ತೆ ವೇದಿಕೆಗೆ ಬರುತ್ತೇನೆ. 2023ರ ಜನವರಿಯಲ್ಲಿ ಹಾವೇರಿಯಲ್ಲಿ ಸಮ್ಮೇಳನ. ಮುಸ್ಲಿಂ ಲೇಖಕರಿಗೆ ಜಾಗವೇ ಇಲ್ಲವಲ್ಲ ಅಂತ ತಕರಾರು ಎದ್ದಿತು. ಅದೇ ದಿನಗಳಲ್ಲಿ ಬೆಂಗಳೂರಿನಲ್ಲಿ ಜನ ಸಾಹಿತ್ಯ ಸಮ್ಮೇಳನ ಅಂತ ಇನ್ನೊಂದು ನಡೆಯಿತು. 1979ರ ಕಥೆಯೇ, ಊರುಗಳು ಬೇರೆ. ಅಲ್ಲಿ ಮಾತಾಡಿದವರಲ್ಲಿ ಹಾಸನದ ಬಾನು ಮುಷ್ತಾಕ್ ಒಬ್ಬರು. ವಕೀಲರು, ಬಂಡಾಯದ ಕಾಲದಿಂದ ಕಥೆ ಬರೆಯುತ್ತಿರುವವರು, 'ಲಂಕೇಶ್ ಪತ್ರಿಕೆ'ಗೆ ವರದಿ ಮಾಡಿದವರು. ಕನ್ನಡವನ್ನು ಭುವನೇಶ್ವರಿ ಮಾಡಿ, ಅರಿಶಿನ ಕುಂಕುಮ ಹಚ್ಚಿ ಕೂರಿಸಿದರೆ ನಾನೆಲ್ಲಿ ನಿಲ್ಲಲಿ ಅನ್ನುವ ಅರ್ಥದ ಮಾತನ್ನು ಅವರು ಅಲ್ಲಿ ಆಡಿದರು. ಆಗ ಅದು ಅಷ್ಟು ದೊಡ್ಡ ಸುದ್ದಿಯಾಗಲಿಲ್ಲ.

2025ರ ಮೇ ತಿಂಗಳಲ್ಲಿ ಅವರ ಕಥೆಗಳ ಇಂಗ್ಲಿಷ್ ಅನುವಾದ 'ಹಾರ್ಟ್ ಲ್ಯಾಂಪ್'ಗೆ ಅಂತರರಾಷ್ಟ್ರೀಯ ಬೂಕರ್ ಬಂತು. ಕನ್ನಡದಿಂದ ಹೋದ ಪುಸ್ತಕಕ್ಕೆ ಇದೇ ಮೊದಲು. ಸಣ್ಣಕಥೆಗಳ ಸಂಕಲನಕ್ಕೂ ಇದೇ ಮೊದಲು. ಅನುವಾದ ಮಾಡಿದ ದೀಪಾ ಭಾಸ್ತಿ ಒಂದು ಕೆಲಸ ಮಾಡಿದ್ದಾರೆ, ಅದನ್ನು ನೀವು ಗಮನಿಸಬೇಕು. ಕನ್ನಡ, ಉರ್ದು, ಅರೇಬಿಕ್ ಪದಗಳನ್ನು ಹಾಗೇ ಬಿಟ್ಟಿದ್ದಾರೆ. ಓರೆ ಅಕ್ಷರ ಹಾಕಿಲ್ಲ. ಅಡಿಟಿಪ್ಪಣಿ ಇಲ್ಲ. ಅರ್ಥ ಬೇಕಾದವರು ಹುಡುಕಿಕೊಳ್ಳಲಿ ಅಂತ. ನಮ್ಮದೇ ನಾಡಿನಲ್ಲಿ ಕಲಬುರಗಿಯ ಕನ್ನಡಕ್ಕೆ ಬೆಂಗಳೂರಿಗಾಗಿ ಪದಕೋಶ ಕೊಡುವ ನಾವು, ಲಂಡನ್ನಿನವರು ಪದಕೋಶವಿಲ್ಲದೆ ಓದಿ ಪ್ರಶಸ್ತಿ ಕೊಟ್ಟರು ಅಂತ ಹೆಮ್ಮೆಪಟ್ಟೆವು.

ಹೆಮ್ಮೆ ಎಷ್ಟು ದಿನ ಇತ್ತು? ಮೂರು ತಿಂಗಳು. ಆ ವರ್ಷದ ಮೈಸೂರು ದಸರಾ ಉದ್ಘಾಟನೆಗೆ ಅವರನ್ನು ಕರೆದರು. ಮಾತು ಶುರುವಾಯಿತು. 2023ರ ಭಾಷಣದ ತುಣುಕು ಎಲ್ಲರ ಫೋನಿಗೆ ಬಂತು. ಕೋರ್ಟಿಗೂ ಹೋಯಿತು. ಹೈಕೋರ್ಟ್ ಅರ್ಜಿಗಳನ್ನು ತಳ್ಳಿಹಾಕಿತು, ಸುಪ್ರೀಂ ಕೋರ್ಟೂ ತಳ್ಳಿಹಾಕಿತು. ಸೆಪ್ಟೆಂಬರ್ 22ರಂದು ಅವರು ಉದ್ಘಾಟನೆ ಮಾಡಿದರು. 2017ರಲ್ಲಿ ಕವಿ ಕೆ.ಎಸ್. ನಿಸಾರ್ ಅಹಮದ್ ಇದೇ ದಸರಾ ಉದ್ಘಾಟಿಸಿದ್ದರು. ಆಗ ಇಷ್ಟು ದೊಡ್ಡ ಗಲಾಟೆ ಆದ ನೆನಪು ನನಗಿಲ್ಲ. ಎಂಟು ವರ್ಷದಲ್ಲಿ ಏನು ಬದಲಾಯಿತು ಅಂತ ನೀವೇ ಯೋಚಿಸಿ. ಒಂದು ವ್ಯತ್ಯಾಸ ಮಾತ್ರ ಹೇಳುತ್ತೇನೆ. ನಿಸಾರ್ ಕನ್ನಡ ತಾಯಿಗೆ ಹಾಡು ಕಟ್ಟಿದ್ದರು. ಬಾನು ಆ ತಾಯಿಯ ಚಿತ್ರದ ಬಗ್ಗೆ ಪ್ರಶ್ನೆ ಕೇಳಿದ್ದರು. ಹಾಡು ಕಟ್ಟುವ ಅಲ್ಪಸಂಖ್ಯಾತರನ್ನು ನಾವು ಬೇಗ ಮನೆಯವರು ಅಂದುಬಿಡುತ್ತೇವೆ. ಪ್ರಶ್ನೆ ಕೇಳುವವರನ್ನು ಬಾಗಿಲಲ್ಲಿ ನಿಲ್ಲಿಸಿ ವಿಚಾರಿಸುತ್ತೇವೆ. ಬೂಸಾ ಅಂದವರಿಗೂ ಆದದ್ದು ಅದೇ ಅಲ್ವಾ?

ಆ ದಿನಗಳಲ್ಲಿ ಆ ವಿಡಿಯೋಗಳ ಕೆಳಗೆ ಜನ ಬರೆದದ್ದನ್ನು ಸುಮ್ನೆ ಓದುತ್ತಾ ಹೋದೆ. ವಾದಗಳನ್ನು ಬಿಟ್ಟು ಕ್ರಿಯಾಪದ ಮಾತ್ರ ನೋಡುತ್ತಿದ್ದೆ. ಎಪ್ಪತ್ತು ದಾಟಿದ ಹೆಂಗಸಿಗೆ 'ಹೇಳಿದ್ದಾಳೆ', 'ಬರ್ತಾಳಂತೆ.' ಮೇ ತಿಂಗಳ ಅಭಿನಂದನೆಗಳಲ್ಲಿ 'ಗೆದ್ದರು' ಇತ್ತು, 'ಅವರು' ಇತ್ತು. ಎಂಟು ವರ್ಷದ ನಾನು ಗದ್ದೆಯ ಬದುವಿನ ಮೇಲೆ ನಿಂತು 'ಬಾರೋ' ಅಂದದ್ದು ನೆನಪಾಯಿತು. ನನ್ನನ್ನೂ ಯಾರೂ ತಿದ್ದಿರಲಿಲ್ಲ.

ಇಲ್ಲಿಗೆ ನನ್ನ ಮಾತು ನಿಲ್ಲಿಸಿದ್ದೆ. ಆಮೇಲೆ ಪ್ರಶ್ನೆಗಳು. ಹುಡುಗರು ಬೂಕರ್ ದುಡ್ಡು ಎಷ್ಟು, ಲೇಖಕಿಗೂ ಅನುವಾದಕಿಗೂ ಸಮನಾಗಿ ಹಂಚುತ್ತಾರಾ ಅಂತ ಕೇಳಿದರು. ಹಂಚುತ್ತಾರೆ, ಒಟ್ಟು 50,000 ಪೌಂಡ್ ಅಂದೆ. ಒಬ್ಬ ಕುಸುಮಬಾಲೆ ಸಿನಿಮಾ ಬಂದಿದೆಯಾ ಅಂದ. ಕೊನೆಗೆ ಹಿಂದಿನ ಬೆಂಚಿನಿಂದ ಒಬ್ಬಳು ಎದ್ದು ನಿಂತಳು.

'ಸಾರ್, ನಮ್ಮೂರ್ ಕನ್ನಡದಲ್ಲಿ ಪರೀಕ್ಷೆ ಬರದ್ರೆ ಮಾರ್ಕ್ಸ್ ಕೊಡ್ತಾರಾ?'

ನಾನು ಮುಂದೆ ಕೂತಿದ್ದ ಅವರ ಮೇಷ್ಟ್ರ ಕಡೆ ನೋಡಿದೆ. ಅವರು ನಕ್ಕು, 'ಕೊಡ್ತೀವಮ್ಮ, ಸ್ಪೆಲ್ಲಿಂಗ್ ಸರಿ ಇದ್ರೆ' ಅಂದರು.

'ಯಾವ ಸ್ಪೆಲ್ಲಿಂಗು ಸಾರ್?' ಅಂದಳು ಅವಳು.